ಕೊರಿಯಾದ ಬಿಳಿ ಹೆಂಡ, ಕಾಫಿ ಸೀಮೆಯ ಬಗನಿ ಕಳ್ಳು: ಏನಿದು ನಂಟು?

ಹೀರೋ ಕೈಗೆ ಬಾಟಲಿ ಬಂತು ಅಂದ್ರೆ ಮುಂದೇನು ಅನ್ನೋದು ಗಾಂಧಿ ಕ್ಲಾಸಿನಲ್ಲಿ ಕೂತ ಹುಡುಗನಿಗೂ ಗೊತ್ತು. ಒಂದು ಪ್ರೇಮಭಂಗ, ಒಂದು ಶೋಕಗೀತೆ, ಕೊನೆಗೆ ಗೋಡೆಗೆ ಅಪ್ಪಳಿಸಿ ಚೂರಾಗುವ ಗಾಜು! ವಿಲನ್ ಕೈಗೆ ಬಂದರಂತೂ ಕೇಳಲೇಬೇಡಿ. ಸುತ್ತ ನಾಲ್ಕು ಜನ ಚೇಲಾಗಳು, ಒಂದು ಕ್ಯಾಬರೆ, ಒಂದು ಸ್ಮಗ್ಲಿಂಗ್ ಪ್ಲಾನು. ನಮ್ಮ ಬೆಳ್ಳಿತೆರೆಯಲ್ಲಿ ಕುಡಿತ ಅಂದ್ರೆ ಇಷ್ಟೇ: ಒಂದೋ ದುಃಖ, ಇಲ್ಲವೇ ದುಷ್ಟತನ.

ಆದರೆ ಈಗ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಹುಡುಗರ ಅಂಗೈಯಲ್ಲೇ ಇನ್ನೊಂದು ತೆರೆ ಬಂದು ಕೂತಿದೆಯಲ್ಲ! ಆ ಮೊಬೈಲ್ ತೆರೆಯಲ್ಲಿ ಕೊರಿಯಾದ ಕಥೆಗಳು ಸಾಲುಸಾಲಾಗಿ ಓಡುತ್ತಿವೆ. ಹೊರಗೆ ಧೋ ಅಂತ ಮಳೆ. ಮಂಜು ಮುಚ್ಚಿದ ಗುಡ್ಡ. ಜಜ್ಜಿಹೋದ ಹಳದಿ ಅಲ್ಯೂಮಿನಿಯಂ ಕೆಟಲು. ಅದರಿಂದ ಬಟ್ಟಲಿಗೆ ಬೀಳುವ ಹಾಲಿನಂಥ ಬಿಳಿ ದ್ರವ. ಕುಡಿದವನು ಅಳೋದಿಲ್ಲ, ಬಾಟಲಿ ಒಡೆಯೋದಿಲ್ಲ, ಪಕ್ಕದ ತಟ್ಟೆಯ ಬಿಸಿ ಬಿಸಿ ರೊಟ್ಟಿಯಂಥದ್ದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ.

“ಏನೋ ಮಾರಾಯ ಅದು? ಮಜ್ಜಿಗೆಯಾ?” ಅಂತ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕೇಳ್ತಾನೆ. “ಮಜ್ಜಿಗೆ ಎಂಥದ್ದೋ, ಅಕ್ಕಿ ಹೆಂಡ ಅಂತೆ!” ಅಂತ ಇನ್ನೊಬ್ಬ ನಗ್ತಾನೆ.

ಹೌದು ಮಿತ್ರರೇ, ಅದು ಅಕ್ಕಿ ಹೆಂಡವೇ. ಹೆಸರು ಮಕ್ಕೊಲ್ಲಿ. ಅದರ ಕಥೆ ಯಾವ ಸಿನಿಮಾ ಕಥೆಗೂ ಕಮ್ಮಿ ಇಲ್ಲ. ಅದರಲ್ಲಿ ಬಡತನವಿದೆ, ಪೊಲೀಸ್ ದಾಳಿಯಿದೆ, ಒಬ್ಬ ಅಧ್ಯಕ್ಷರ ಕೊಲೆಯಿದೆ, ಕೊನೆಗೊಂದು ಭರ್ಜರಿ ಕಂಬ್ಯಾಕ್ ಕೂಡ ಇದೆ. ಅದರ ಜೊತೆಗೇ ನಮ್ಮ ಕಾಫಿ ಸೀಮೆಯ ಒಂದು ಮರೆತ ಕಥೆಯೂ ಇದೆ. ಅದಕ್ಕೆ ಮಾತ್ರ ಕಂಬ್ಯಾಕ್ ಇನ್ನೂ ಸಿಕ್ಕಿಲ್ಲ!

ಗಡಿಗೆಯೊಳಗಿನ ದ್ವಿಪಾತ್ರ

ಕೊರಿಯನ್ ಭಾಷೆಯಲ್ಲಿ ‘ಮಕ್’ ಅಂದ್ರೆ ಒರಟಾಗಿ, ಹಾಗೇ ಸುಮ್ಮನೆ ಅಂತ. ಉಳಿದರ್ಧಕ್ಕೆ ಸೋಸಿದ್ದು ಅಂತ ಅರ್ಥ. ಅಂದರೆ ಒರಟಾಗಿ ಸೋಸಿದ ಹೆಂಡ. ಹೆಸರಿನಲ್ಲಿ ಯಾವ ಬಡಿವಾರವೂ ಇಲ್ಲ. ಗದ್ದೆ ಕೆಲಸದವರು ಕುಡಿಯುತ್ತಿದ್ದುದರಿಂದ ಇದಕ್ಕೆ ‘ರೈತರ ಹೆಂಡ’ ಅನ್ನೋ ಹೆಸರೂ ಇದೆ. ನಾಟಿ ದಿನ ಮಧ್ಯಾಹ್ನ ಗದ್ದೆ ಬದುವಿಗೆ ಊಟದ ಜೊತೆ ಇದೂ ಹೋಗುತ್ತಿತ್ತು.

ಮಾಡೋದು ಹೇಗೆ? ಅಕ್ಕಿಯನ್ನು ಚೆನ್ನಾಗಿ ತೊಳೆದು, ನೆನೆಸಿ, ಹಬೆಯಲ್ಲಿ ಉದುರುದುರಾಗಿ ಬೇಯಿಸುತ್ತಾರೆ. ಆರಿದ ಮೇಲೆ ಅದಕ್ಕೆ ‘ನುರುಕ್’ ಅನ್ನೋದನ್ನು ಪುಡಿ ಮಾಡಿ ಬೆರೆಸಿ, ನೀರು ಹಾಕಿ, ಮಣ್ಣಿನ ಗಡಿಗೆಗೆ ತುಂಬಿಸುತ್ತಾರೆ. ಈ ನುರುಕ್ ನೋಡೋಕೆ ಥೇಟ್ ಬೆರಣಿ! ತರಿತರಿಯಾಗಿ ಒಡೆದ ಗೋಧಿಯನ್ನು ಒದ್ದೆ ಮಾಡಿ, ಬಿಲ್ಲೆಯಾಗಿ ಒತ್ತಿ, ವಾರಗಟ್ಟಲೆ ಬೆಚ್ಚಗೆ ಇಟ್ಟರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟೇ ಈ ಚಿತ್ರದ ನಾಯಕ.

ಯಾಕೆ ಗೊತ್ತೆ? ಕಳ್ಳಿನಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಗಾಳಿಯಲ್ಲಿರುವ ಯೀಸ್ಟ್ ಬಂದು ಬಿದ್ದರೆ ಸಾಕು, ಹುಳಿ ಬಂದು ಅಮಲಾಗುತ್ತದೆ. ಅಕ್ಕಿಯಲ್ಲಿ ಹಾಗಲ್ಲ. ಅದರಲ್ಲಿರೋದು ಪಿಷ್ಟ. ಪಿಷ್ಟವನ್ನು ಯೀಸ್ಟ್ ಮೂಸಿಯೂ ನೋಡೋದಿಲ್ಲ. ಮೊದಲು ಯಾರಾದರೂ ಅದನ್ನು ಒಡೆದು ಸಕ್ಕರೆ ಮಾಡಿಕೊಡಬೇಕು. ನುರುಕ್‌ನಲ್ಲಿರುವ ಬೂಷ್ಟು ಆ ಕೆಲಸ ಮಾಡುತ್ತದೆ, ಅದೇ ನುರುಕ್‌ನಲ್ಲಿರುವ ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಎರಡೂ ಕೆಲಸ ಒಂದೇ ಗಡಿಗೆಯಲ್ಲಿ, ಒಂದೇ ಹೊತ್ತಿಗೆ! ನಮ್ಮ ಹಳೇ ಚಿತ್ರಗಳ ಅಣ್ಣ-ತಮ್ಮ ದ್ವಿಪಾತ್ರ ಇದ್ದ ಹಾಗೆ.

ವಾರ ಹತ್ತು ದಿನ ಗಡಿಗೆ ಗುಳುಗುಳು ಅನ್ನುತ್ತಾ ಇರುತ್ತದೆ. ಆಮೇಲೆ ಮೇಲೆ ನಿಂತ ತಿಳಿಯನ್ನು ಮೆಲ್ಲಗೆ ತೆಗೆದರೆ ಅದು ‘ಚಂಗ್‌ಜು’. ಹಿಂದೆಲ್ಲ ಅದು ದೊಡ್ಡವರ ಮನೆಗೆ, ಪೂಜೆಗೆ. ಗಡಿಗೆಯ ಗಷ್ಟನ್ನು ನೀರು ಬೆರೆಸಿ ಹಿಂಡಿ ಸೋಸಿದರೆ ಅದು ಮಕ್ಕೊಲ್ಲಿ, ಬಡವರ ಬಟ್ಟಲಿಗೆ. ಇವತ್ತು ನೋಡಿ, ಹೆಸರು ಮಾಡಿದ್ದು ಗಷ್ಟೇ!

ಇದನ್ನೆಲ್ಲ ಕೇಳಿ ಕಾಫಿ ಸೀಮೆಯವರು ಆಶ್ಚರ್ಯಪಡಬೇಕಾಗಿಲ್ಲ. ಹುಳಿ ಬರಿಸುವ ವಿದ್ಯೆ ನಮಗೇನು ಹೊಸತೇ? ಪಲ್ಪರಿಗೆ ಹಾಕಿದ ಕಾಫಿ ಹಣ್ಣಿನ ಬೀಜಕ್ಕೆ ಅಂಟಿದ ಲೋಳೆ ಬಿಡಲಿ ಅಂತ ತೊಟ್ಟಿಯಲ್ಲಿ ಹುಳಿ ಬರಿಸುತ್ತೇವಲ್ಲ, ಅದೇನು? ಒಂದು ಹೊತ್ತು ಹೆಚ್ಚಾದರೆ ಕಾಫಿ ಕೆಟ್ಟಿತು, ಒಂದು ಹೊತ್ತು ಕಡಿಮೆಯಾದರೆ ಲೋಳೆ ಬಿಡಲಿಲ್ಲ. ತೊಟ್ಟಿಗೆ ಕೈ ಹಾಕಿ ಬೀಜ ಉಜ್ಜಿ ನೋಡಿ “ಆಯ್ತು, ತೊಳೀರೋ” ಅನ್ನುವ ಮೇಸ್ತ್ರಿಗೂ, ಗಡಿಗೆಗೆ ಕಿವಿಯಿಟ್ಟು ಗುಳುಗುಳು ಕೇಳುವ ಕೊರಿಯಾದ ಅಜ್ಜಿಗೂ ವಿದ್ಯೆ ಒಂದೇ.

ಮಳೆ, ರೊಟ್ಟಿ, ಬಟ್ಟಲು

ಇನ್ನು ಕುಡಿಯುವ ಸೊಗಸು. ಅಸಲಿ ವಿಷಯ ಇರೋದೇ ಇಲ್ಲಿ!

ಕೊರಿಯಾದವರಿಗೆ ಮಳೆ ಬಂತು ಅಂದ್ರೆ ಮಕ್ಕೊಲ್ಲಿ ನೆನಪು. ಜೊತೆಗೆ ‘ಪಾಜನ್’ ಬೇಕೇ ಬೇಕು. ಈರುಳ್ಳಿ ಸೊಪ್ಪು ಹಾಕಿ ಹಿಟ್ಟು ಕಲಸಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಸುಡುವ ದೋಸೆಯಂಥ ತಿಂಡಿ ಅದು. ಕಾವಲಿಯ ಮೇಲೆ ಎಣ್ಣೆ ಚುರುಗುಟ್ಟುವ ಸದ್ದೂ ಮಳೆಯ ಸದ್ದೂ ಒಂದೇ ಥರ ಕೇಳುತ್ತೆ, ಅದಕ್ಕೇ ಮಳೆ ಬಂದಾಗ ಆಸೆಯಾಗುತ್ತೆ ಅಂತ ಅವರ ಮಾತು. ಆಹಾ! ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು, ಜಡಿಮಳೆಯಲ್ಲಿ ನಡುಗುತ್ತಾ ನೀರುದೋಸೆಯ ಕಾವಲಿ ಹತ್ತಿರ ನಿಂತವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಮನೆಯಲ್ಲಿ ಅಕ್ಕಿ ರೊಟ್ಟಿ, ಕಡುಬು, ಪತ್ರೊಡೆ ತಿಂದು ಬೆಳೆದ ಮಲೆನಾಡಿನ ಹುಡುಗನಿಗೆ ಹೇಳಬೇಕೆ?

ಮಕ್ಕೊಲ್ಲಿಗೆ ಗಾಜಿನ ಗ್ಲಾಸು ಬೇಕಿಲ್ಲ. ಅಗಲ ಬಾಯಿಯ ಬಟ್ಟಲು ಸಾಕು. ಗಷ್ಟು ತಳಕ್ಕೆ ಇಳಿದಿರುತ್ತದೆ, ಹಾಗಾಗಿ ಮೊದಲು ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಕಲಕಬೇಕು. ಜೋರಾಗಿ ಕುಲುಕಿದಿರೋ, ಮುಚ್ಚಳ ತೆಗೆದ ಕೂಡಲೇ ಅಂಗಿಗೆಲ್ಲ ಅಭಿಷೇಕ! ರುಚಿ? ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ನಾಲಿಗೆಗೆ ಚುರುಚುರು, ಕೊನೆಗೆ ಗಂಜಿಯ ಹಾಗೆ ಅಕ್ಕಿಯ ಘಮ.

ಸಭ್ಯತೆಯೂ ಇದೆ. ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳುವಂತಿಲ್ಲ. ಪಕ್ಕದವನಿಗೆ ನೀನು ಹಾಕು, ನಿನಗೆ ಅವನು ಹಾಕ್ತಾನೆ. ಹಿರಿಯರಿಗೆ ಎರಡೂ ಕೈ ಹಿಡಿದು ಬಗ್ಗಿಸಬೇಕು. ಹಿರಿಯರೆದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಒಂಟಿಯಾಗಿ ಮೂಲೆಯಲ್ಲಿ ಕೂತು ಗಟಗಟ ಇಳಿಸೋದಲ್ಲ. ನಾಲ್ಕು ಜನ, ಒಂದು ತಟ್ಟೆ, ಒಂದು ಮಾತು. ಆ ಪಾನೀಯದ ಅರ್ಧ ರುಚಿ ಇರೋದು ಈ ಕೂಟದಲ್ಲೇ.

ಇದನ್ನು ಕಣ್ಣಾರೆ ನೋಡಬೇಕು ಅನ್ನುವ ಚಿತ್ರರಸಿಕರು 2018ರ ‘ಲಿಟಲ್ ಫಾರೆಸ್ಟ್’ ನೋಡಿ. ನಿರ್ದೇಶಕಿ ಯಿಮ್ ಸೂನ್-ರ್ಯೆ, ನಾಯಕಿ ಕಿಮ್ ತೇ-ರಿ. ಪಟ್ಟಣದಲ್ಲಿ ಸೋತು ಹಳ್ಳಿಗೆ ಬಂದ ಹುಡುಗಿ ತಾನೇ ಅನ್ನ ಬೇಯಿಸಿ, ನುರುಕ್ ಬೆರೆಸಿ ಮಕ್ಕೊಲ್ಲಿ ಮಾಡಿ ಬಾಲ್ಯದ ಗೆಳೆಯ ಗೆಳತಿಯ ಜೊತೆ ಕೂತು ಕುಡಿಯುತ್ತಾಳೆ. ಫೈಟಿಲ್ಲ, ಡ್ಯಾನ್ಸಿಲ್ಲ, ಆದರೂ ಕಣ್ಣು ತೆರೆಯಿಂದ ಕದಲೋದಿಲ್ಲ. ಕುಂಚ ಹಿಡಿದ ಕುಡುಕನ ಕಥೆ ಬೇಕೇ? ಇಮ್ ಕ್ವೊನ್-ತೇಕ್ ನಿರ್ದೇಶನದ ‘ಚಿಹ್ವಾಸಾನ್’ ಇದೆ. 2002ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ಚಿತ್ರ ಅದು.

ಅಧ್ಯಕ್ಷರ ಬಟ್ಟಲು

ಈಗ ಇಂಟರ್ವಲ್ ನಂತರದ ಕಥೆ. ಇಲ್ಲಿ ವಿಲನ್ ಪ್ರವೇಶ!

ಒಂದು ಕಾಲದಲ್ಲಿ ಕೊರಿಯಾದ ಮನೆಮನೆಯಲ್ಲೂ ಗಡಿಗೆ ಇತ್ತು. ಊರಿಗೊಂದು ರುಚಿ, ಮನೆಗೊಂದು ಕೈಗುಣ. 1909ರಲ್ಲಿ ಮದ್ಯ ತೆರಿಗೆ ಕಾನೂನು ಬಂತು. 1910ರಲ್ಲಿ ದೇಶವೇ ಜಪಾನಿನ ವಶವಾಯಿತು, ಕಾನೂನು ಇನ್ನಷ್ಟು ಬಿಗಿಯಾಯಿತು. ಮನೆಯ ಹೆಂಡ ಮೆಲ್ಲಮೆಲ್ಲಗೆ ಕಳ್ಳ ಹೆಂಡವಾಯಿತು. ಗಡಿಗೆ ಹುಲ್ಲುಮೆದೆಯೊಳಗೆ ಅಡಗಿ ಕೂತಿತು.

ಜಪಾನೀಯರು ಹೋದ ಮೇಲಾದರೂ ಸುಖ ಬಂತೇ? ಇಲ್ಲ. ಯುದ್ಧ, ಹಸಿವು. ಉಣ್ಣೋಕೇ ಅಕ್ಕಿಯಿಲ್ಲದಾಗ ಹೆಂಡಕ್ಕೆಲ್ಲಿಂದ ತರೋದು? 1960ರ ದಶಕದ ಮಧ್ಯದಲ್ಲಿ ಸರ್ಕಾರ ಹೆಂಡಕ್ಕೆ ಅಕ್ಕಿ ಬಳಸೋದನ್ನೇ ನಿಷೇಧಿಸಿತು. ಅಕ್ಕಿ ಹೆಂಡ ಗೋಧಿ ಹಿಟ್ಟಿನ ಹೆಂಡವಾಯಿತು. ರುಚಿ ಕೆಟ್ಟಿತು, ಹೆಸರೂ ಕೆಟ್ಟಿತು. ಕುಡಿದರೆ ತಲೆನೋವು ಅನ್ನೋ ಅಪಖ್ಯಾತಿಯೂ ಅಂಟಿತು.

ತಮಾಷೆ ಏನು ಗೊತ್ತೇ? ಆಗಿನ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರಿಗೇ ಮಕ್ಕೊಲ್ಲಿ ಅಂದ್ರೆ ಪಂಚಪ್ರಾಣ. ರೈತರ ಜೊತೆ ಗದ್ದೆ ಬದುವಿನಲ್ಲಿ ಕೂತು ಬಟ್ಟಲು ಎತ್ತುವ ಭಂಗಿಯಲ್ಲಿ ಅವರ ಫೋಟೋಗಳು ಪ್ರಸಿದ್ಧ. ಆದರೆ 1979ರ ಅಕ್ಟೋಬರ್ 26ರ ರಾತ್ರಿ, ಅವರದೇ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಊಟದ ಮೇಜಿನಲ್ಲೇ ಅವರನ್ನು ಗುಂಡಿಟ್ಟು ಕೊಂದಾಗ, ಮೇಜಿನ ಮೇಲಿದ್ದದ್ದು ಪರದೇಶದ ವಿಸ್ಕಿ! ಆ ದಿನಗಳ ಕಥೆಯೇ 2020ರ ‘ದಿ ಮ್ಯಾನ್ ಸ್ಟ್ಯಾಂಡಿಂಗ್ ನೆಕ್ಸ್ಟ್’. ‘ಸ್ಕ್ವಿಡ್ ಗೇಮ್’ನಲ್ಲಿ ಕಪ್ಪು ಮುಖವಾಡ ಹಾಕಿದ ಫ್ರಂಟ್‌ಮ್ಯಾನ್ ಆಗಿ ನಿಮ್ಮ ನಿದ್ದೆ ಕೆಡಿಸಿದ ಲೀ ಬ್ಯುಂಗ್-ಹುನ್ ಇದ್ದಾರಲ್ಲ, ಇಲ್ಲಿ ಆ ಮುಖ್ಯಸ್ಥನ ಪಾತ್ರ ಅವರದೇ.

ಭತ್ತದ ಬೆಳೆ ಹೆಚ್ಚಿದ ಮೇಲೆ 1977ರಲ್ಲಿ ಅಕ್ಕಿಗೆ ಮತ್ತೆ ಅನುಮತಿ ಸಿಕ್ಕಿತು, ಆದರೆ ಅದು ಹೆಚ್ಚು ದಿನ ಉಳಿಯಲಿಲ್ಲ. ದಾರಿ ಸರಿಯಾಗಿ ತೆರೆದದ್ದು 1990ರ ಹೊತ್ತಿಗೆ. 1995ರಲ್ಲಿ ಸ್ವಂತಕ್ಕೆ ಮನೆಯಲ್ಲಿ ಮಾಡಿಕೊಳ್ಳೋದು ಕಾನೂನುಬದ್ಧವಾಯಿತು. 2021ರ ಜೂನ್‌ನಲ್ಲಿ ಮಕ್ಕೊಲ್ಲಿ ಮಾಡುವ ವಿದ್ಯೆಯನ್ನೇ ರಾಷ್ಟ್ರೀಯ ಪರಂಪರೆ ಅಂತ ಘೋಷಿಸಿದರು! ಹುಲ್ಲುಮೆದೆಯೊಳಗೆ ಅಡಗಿ ಕೂತ ಗಡಿಗೆ, ಹಾರ ಹಾಕಿಸಿಕೊಂಡು ವೇದಿಕೆ ಹತ್ತಿತು. ಇದಲ್ಲವೇ ಕ್ಲೈಮ್ಯಾಕ್ಸು!

ನಮ್ಮ ಬಗನಿ ಎಲ್ಲಿ ಹೋಯಿತು?

ಈಗ ಕ್ಯಾಮೆರಾ ನಮ್ಮ ಕಡೆ ತಿರುಗಲಿ.

ಕಾಫಿ ತೋಟದ ನೆರಳಲ್ಲಿ, ಕಾಡಿನ ಅಂಚಲ್ಲಿ ಮೀನಿನ ಬಾಲದ ಹಾಗಿನ ಎಲೆಯ ಒಂದು ಮರ ಇರುತ್ತದೆ. ಜಡೆ ಬಿಚ್ಚಿ ಇಳಿಬಿಟ್ಟಂತೆ ಅದರ ಹೂಗೊನೆ. ಅದೇ ಬಗನಿ, ಬೈನೆ ಅಂತಲೂ ಅಂತಾರೆ. ತುದಿಯಲ್ಲಿ ಹೂ ಬಿಡೋಕೆ ಶುರು ಮಾಡಿ, ವರ್ಷವರ್ಷ ಕೆಳಕ್ಕೆ ಇಳಿಯುತ್ತಾ, ಕೊನೆಯ ಗೊನೆ ಬಿಟ್ಟ ಮೇಲೆ ಮರ ಸತ್ತೇಹೋಗುತ್ತದೆ. ಆನೆಗಂತೂ ಈ ಮರ ಅಂದ್ರೆ ಪ್ರಾಣ. ಹೂಗೊನೆಯ ತುದಿ ಕೊಯ್ದು ಮಡಕೆ ಕಟ್ಟಿದರೆ ಹನಿಹನಿಯಾಗಿ ರಸ ಇಳಿಯುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಆಮೇಲೆ ತಲೆಗೆ! ಇದೇ ಮಲೆನಾಡಿನ ಬಗನಿ ಕಳ್ಳು. ಅಕ್ಕಿಯಿಂದ ಮಾಡುತ್ತಿದ್ದ ‘ಬೋಜ’ ಅನ್ನೋ ಮಾತೂ ಮಲೆನಾಡಿನ ಹಳಬರ ಬಾಯಲ್ಲಿದೆ. ಕೊರಿಯಾದ ಬಿಳಿ ಹೆಂಡಕ್ಕೆ ಅದೇ ಹತ್ತಿರದ ನೆಂಟ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿ ಓದಿದವರಿಗೆ ಕಳ್ಳಂಗಡಿಯ ಲೋಕ ಹೊಸತಲ್ಲ. ಗಿರೀಶ್ ಕಾರ್ನಾಡರು 1999ರಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನು ತೆರೆಗೆ ತಂದು, ತಾವೇ ಚಂದ್ರೇಗೌಡರಾದರು. ಸಿದ್ದಲಿಂಗಯ್ಯನವರ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರಿನ ಕಳಸಾಪುರದಲ್ಲಿ (ನಮ್ಮ ಕಳಸ ಅಲ್ಲ ಸ್ವಾಮೀ, ಕಳಸಾಪುರ!). ಅದರಲ್ಲಿ ಲೋಕನಾಥ್ ಉಪ್ಪಿನಕಾಯಿ ತಿಂದ ದೃಶ್ಯಕ್ಕೇ ಅವರು ಜೀವನಪೂರ್ತಿ ‘ಉಪ್ಪಿನಕಾಯಿ’ ಲೋಕನಾಥ್ ಆದರಲ್ಲ! ಒಂದು ಜಾಡಿ ಉಪ್ಪಿನಕಾಯಿಗೆ ತೆರೆಯ ಮೇಲೆ ಅಂಥ ಯೋಗ. ಆದರೆ ಬಗನಿ ಮರದಿಂದ ಕಳ್ಳು ಇಳಿಸುವವನ ಕೈಚಳಕಕ್ಕೆ ಅಂಥ ಒಂದು ದೃಶ್ಯ ನಮ್ಮಲ್ಲಿ ಯಾಕೆ ಮನೆಮಾತಾಗಲಿಲ್ಲ?

ಕಾರಣ ಇದೆ. ನಮ್ಮಲ್ಲಿ ಗಡಿಗೆಯ ಕಳ್ಳನ್ನು ಹಿಂದಕ್ಕೆ ತಳ್ಳಿ ಮುಂದೆ ಬಂದದ್ದು ಬಟ್ಟಿ ಇಳಿಸಿದ ಸಾರಾಯಿ. ಪ್ಯಾಕೆಟ್ಟಿನಲ್ಲಿ ಬಂತು, ಸಂತೆಗೆ ಬಂತು, ತೋಟದ ಲೈನು ಮನೆಗೂ ಬಂತು. ವಾರದ ಬಟವಾಡೆ ಆದ ಸಂಜೆಯೇ ಜೇಬು ಖಾಲಿ. ಮನೆಯಲ್ಲಿ ಹೆಂಗಸರ ಕಣ್ಣೀರು, ಮಕ್ಕಳ ಹಸಿವು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಕಳ್ಳಭಟ್ಟಿ ಕುಡಿದು ಸತ್ತವರು 300ಕ್ಕೂ ಹೆಚ್ಚು. ಅದು ಸಿನಿಮಾ ಅಲ್ಲ. ಅಲ್ಲಿ ‘ಕಟ್’ ಅನ್ನೋಕೆ ಯಾವ ನಿರ್ದೇಶಕನೂ ಇರಲಿಲ್ಲ.

ಅದಕ್ಕೇ 1992ರಲ್ಲಿ ಅಣ್ಣಾವ್ರು ‘ಜೀವನಚೈತ್ರ’ದಲ್ಲಿ ಹಳ್ಳಿಯ ಹೆಂಡದಂಗಡಿ ವಿರುದ್ಧ ಎದ್ದು ನಿಂತಾಗ ಥಿಯೇಟರಿನಲ್ಲಿ ಅಷ್ಟು ಚಪ್ಪಾಳೆ! ದೊರೆ-ಭಗವಾನ್ ನಿರ್ದೇಶನದ ಆ ಚಿತ್ರ ನೋಡಿ ಎಷ್ಟೋ ಹಳ್ಳಿಯವರು ತಮ್ಮೂರಿನ ಸಾರಾಯಿ ಅಂಗಡಿ ಮುಂದೆ ಹೋಗಿ ನಿಂತರು. ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ 2016ರಲ್ಲಿ ಸುಮನಾ ಕಿತ್ತೂರು ಕೈಯಲ್ಲಿ ಚಿತ್ರವಾದಾಗ, ಸೆರಗು ಬಿಗಿದು ಬೀದಿಗಿಳಿದ ಹೆಂಗಸರನ್ನು ಕಂಡು ಮೂಡಿಗೆರೆಯವರು ನಮ್ಮೂರ ಕಥೆಯೇ ಅಂದರು. ಅಲ್ಲಿಯೇ ಬದುಕಿ, 2007ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದ ತೇಜಸ್ವಿ ಬರೆದದ್ದಲ್ಲವೇ!

ಕೊನೆಗೆ ಕಾನೂನು ಬಂತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಸೇಂದಿ ನಿಂತಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಘಟ್ಟದ ಕೆಳಗೆ ಕಳ್ಳು ಉಳಿಯಿತು, ಚಾರ್ಮಾಡಿ ಹತ್ತಿ ಮೇಲೆ ಬಂದರೆ ಇಲ್ಲ! ಕುಡಿತ ನಿಂತಿತೇ? ನೀವೇ ಹೇಳಿ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಹಾಳು ಮಾಡಿದ ಸಾರಾಯಿಯ ಜೊತೆ, ಹಬ್ಬಕ್ಕೊಂದು ಸಲ ಹಂಚಿಕೊಂಡು ಕುಡಿಯುತ್ತಿದ್ದ ಕಳ್ಳಿನ ವಿದ್ಯೆಯೂ ಮರೆಯಾಯಿತು. ಮರ ಹತ್ತುವವರು ಕಡಿಮೆಯಾದರು. ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಬಗನಿ ಉಳಿದಿರೋದು ಆನೆಗೆ!

ರತ್ನನ ಪಾಠ

ಹಾಗಂತ ಈ ಲೇಖನ ಓದಿ ಯಾರೂ ನಾಳೆಯೇ ಅಮ್ಮನ ಅಕ್ಕಿ ಡಬ್ಬಕ್ಕೆ ಕೈ ಹಾಕಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ಮಾಡೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಅಬಕಾರಿಯವರು ಬಂದರೆ ‘ಕೊರಿಯನ್ ಸೀರಿಯಲ್ ನೋಡಿ ಮಾಡಿದೆ ಸಾರ್’ ಅಂದರೆ ಬಿಡೋದಿಲ್ಲ.

ಇನ್ನೊಂದು ಲೆಕ್ಕ. ಮಕ್ಕೊಲ್ಲಿಯಲ್ಲಿ ಸಾಮಾನ್ಯವಾಗಿ ಮದ್ಯಾಂಶ ಶೇ. 6ರ ಆಸುಪಾಸು, ನಮ್ಮ ವಿಸ್ಕಿಯಲ್ಲಿ ಶೇ. 42.8. ‘ಓ, ಲೈಟು!’ ಅಂದಿರಾ? 750 ಮಿ.ಲೀ. ಬಾಟಲಿ ಪೂರ್ತಿ ಇಳಿಸಿದರೆ ಮೂರೂವರೆ ಸಣ್ಣ ಪೆಗ್ ವಿಸ್ಕಿಗೆ ಸಮ. ಸಿಹಿ ಇರೋದ್ರಿಂದ ಇಳಿದದ್ದು ಗೊತ್ತಾಗೋಲ್ಲ, ಏಳುವಾಗ ಗೊತ್ತಾಗುತ್ತೆ! ಚಾರ್ಮಾಡಿಯ ತಿರುವುಗಳಲ್ಲಿ ಬೈಕ್ ಓಡಿಸುವ ತಮ್ಮಂದಿರೇ, ಹೆಂಡ ಕೊರಿಯಾದ್ದಾದರೂ ಪ್ರಪಾತ ನಮ್ಮದೇ.

ನಮ್ಮ ಭಾಷೆಯಲ್ಲಿ ಕುಡುಕನೊಬ್ಬ ಎಲ್ಲರಿಗೂ ಪ್ರಿಯನಾಗಿದ್ದಾನೆ: ಎಂಡ್ಕುಡುಕ ರತ್ನ. ಅವನನ್ನು ಸೃಷ್ಟಿಸಿದ ಜಿ.ಪಿ. ರಾಜರತ್ನಂ ಹೆಂಡ ಮುಟ್ಟಿದವರಲ್ಲ! ಆದರೂ ಆ ಪದಗಳಲ್ಲಿ ಕುಡುಕನ ಮೇಲೆ ತಾತ್ಸಾರವಿಲ್ಲ. ಅವನ ಹೆಂಡತಿ, ಅವನ ಗೆಳೆಯರು, ಅವನ ಕನ್ನಡ, ಎಲ್ಲ ಇದೆ. ಮೈಸೂರು ಅನಂತಸ್ವಾಮಿ ಹಾಡಿದ ಮೇಲಂತೂ ರತ್ನ ಮನೆಮನೆ ಸೇರಿದ. ಒಂದು ಹನಿ ಕುಡಿಯದೆಯೂ ಹೆಂಡದ ರಸವನ್ನು ಸವಿಯಬಹುದು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊರಿಯಾದವರು ಮಾಡಿದ್ದೂ ಅಂಥದ್ದೇ. ಗಡಿಗೆಯನ್ನು ಬರೀ ಅಮಲು ಅಂತ ನೋಡದೆ ಅಕ್ಕಿ, ಮಳೆ, ಅಜ್ಜಿಯ ಕೈಗುಣ, ಗೆಳೆಯರ ಕೂಟ ಅಂತ ನೋಡಿದರು. ಕಾನೂನಿನಲ್ಲಿ ಜಾಗ ಕೊಟ್ಟರು, ಕ್ಯಾಮೆರಾದಲ್ಲೂ ಜಾಗ ಕೊಟ್ಟರು. ನಮ್ಮ ದೇಶದಲ್ಲೂ ಗೋವಾದ ಫೆನಿಗೆ 2009ರಲ್ಲಿ, ಅಸ್ಸಾಂನ ದಿಮಾಸಾ ಜನರ ಅಕ್ಕಿ ಹೆಂಡ ‘ಜುದಿಮಾ’ಗೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಬಗನಿಯನ್ನು ಕುಡಿಯೋದು ಬಿಡೋದು ಆಮೇಲಿನ ಮಾತು. ಮರದ ಹೆಸರು, ಮಡಕೆ ಕಟ್ಟುವ ವಿದ್ಯೆ, ಆ ಹಬ್ಬದ ಸಂಜೆಯ ಮಾತು, ಇಷ್ಟಾದರೂ ಒಂದು ಚಿತ್ರದ ಒಂದು ರೀಲಿನಲ್ಲಿ ಉಳಿಯಬಾರದೇ?

ಗಾಂಧಿನಗರದ ನಿರ್ದೇಶಕ ಮಹಾಶಯರೇ, ಮುಂದಿನ ಸಲ ಹಾಡಿನ ಚಿತ್ರೀಕರಣಕ್ಕೆ ಅಂತ ಕಳಸ, ಕುದುರೆಮುಖದ ಕಡೆ ಯೂನಿಟ್ ತಂದಾಗ ಹೀರೋಯಿನ್ ಹಿಂದೆ ನಿಂತ ಆ ಮೀನಬಾಲದ ಎಲೆಯ ಮರವನ್ನೂ ಒಮ್ಮೆ ನೋಡಿ. ಡೇಟ್ಸ್ ಸಮಸ್ಯೆ ಇಲ್ಲ, ಸಂಭಾವನೆ ಇಲ್ಲ. ಆದರೆ ಕೊನೆಯ ಗೊನೆ ಬಿಟ್ಟ ಮೇಲೆ ಅದು ಯಾರಿಗೂ ಕಾಯೋದಿಲ್ಲ!